‘ಆಯ್ತು’ ಅಂದರೆ ಸಿಟ್ಟು ಅಂತಲೇ? ಸಹೋದ್ಯೋಗಿಗಳ ವರ್ತನಾ ಶೈಲಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ತಂಡದ ಮುಖ್ಯಸ್ಥರಿಗೆ ನಾನು ಎಲ್ಲವನ್ನೂ ವಿವರವಾಗಿ, ಒಂದು ಪುಟದಷ್ಟು ಇಮೇಲ್ ಬರೆಯುತ್ತೇನೆ. ಅವರಿಂದ ಬರುವ ಉತ್ತರ ‘ಆಯ್ತು’, ಇಲ್ಲವೇ ‘ಯಾವಾಗ ಮುಗಿಯುತ್ತೆ?’. ಎದುರು ಸಿಕ್ಕರೂ ಒಂದು ಮಾತು ಹೆಚ್ಚಿಲ್ಲ. ನನ್ನ ಮೇಲೆ ಅವರಿಗೆ ಸಿಟ್ಟಿರಬಹುದೇ?

ಉತ್ತರ: ಇರಬಹುದು, ಆದರೆ ‘ಆಯ್ತು’ ಎಂಬ ಒಂದೇ ಪದವನ್ನು ಅದಕ್ಕೆ ಸಾಕ್ಷಿ ಮಾಡಿಕೊಳ್ಳಬೇಡಿ. ಅವರು ಬೇರೆಯವರಿಗೂ ಹೀಗೇ ಬರೆಯುತ್ತಾರಾ, ವಿಚಾರಿಸಿ. ಎಲ್ಲರಿಗೂ ‘ಆಯ್ತು’ ಎಂದೇ ಹೋಗುತ್ತಿದ್ದರೆ ಅದು ಅವರ ಧಾಟಿ. ನಿಮಗೊಬ್ಬರಿಗೆ ಮಾತ್ರ, ಅದೂ ಇತ್ತೀಚೆಗೆ ಶುರುವಾಗಿದ್ದರೆ, ಕೂತು ನೇರವಾಗಿ ಕೇಳುವುದೇ ಸರಿ.

ಎಲ್ಲರಿಗೂ ಹೀಗೇ ಎಂದುಕೊಂಡು ಮುಂದುವರಿಯೋಣ. ವರ್ತನಾ ಶೈಲಿ ಎಂದರೆ ಒಬ್ಬರ ಮನಸ್ಸಿನೊಳಗೆ ಏನಿದೆ ಎಂಬುದಲ್ಲ. ಕಣ್ಣಿಗೆ ಕಾಣುವ, ಕಿವಿಗೆ ಬೀಳುವ, ಮತ್ತೆ ಮತ್ತೆ ಅದೇ ರೀತಿ ಬರುವ ನಡವಳಿಕೆ, ಅಷ್ಟೇ. 1960ರ ದಶಕದಲ್ಲಿ ಅಮೆರಿಕದಲ್ಲಿ ಮನಶ್ಶಾಸ್ತ್ರಜ್ಞರಾದ ಡೇವಿಡ್ ಮೆರಿಲ್ ಮತ್ತು ರೋಜರ್ ರೀಡ್ ಇದನ್ನು ಎರಡು ಅಳತೆಗಳಲ್ಲಿ ನೋಡಿದರು. ಮೊದಲನೆಯದು, ಈ ಮನುಷ್ಯ ತನ್ನ ಅಭಿಪ್ರಾಯವನ್ನು ಹೇಳಿಬಿಡುತ್ತಾನೋ, ಕೇಳಿ ಕೇಳಿ ಮುಂದೆ ಹೋಗುತ್ತಾನೋ. ಎರಡನೆಯದು, ಭಾವನೆಯನ್ನು ಮುಖದಲ್ಲಿ, ದನಿಯಲ್ಲಿ ತೋರಿಸುತ್ತಾನೋ, ಒಳಗೇ ಇಟ್ಟುಕೊಳ್ಳುತ್ತಾನೋ. ಎರಡನ್ನೂ ಅಡ್ಡ-ಉದ್ದ ಗೆರೆಗಳಾಗಿ ಎಳೆದರೆ ನಾಲ್ಕು ಮೂಲೆಗಳು ಸಿಗುತ್ತವೆ. ಹೇಳುವವರು, ಆದರೆ ಭಾವನೆ ತೋರದವರು: ಮುನ್ನುಗ್ಗುವವರು. ಹೇಳುವವರು, ಭಾವನೆಯನ್ನೂ ತೋರುವವರು: ಹುರುಪಿನವರು. ಕೇಳುವವರು, ಭಾವನೆ ತೋರುವವರು: ಹೊಂದಿಕೊಳ್ಳುವವರು. ಕೇಳುವವರು, ಭಾವನೆ ತೋರದವರು: ಅಳೆದು ತೂಗುವವರು. ಈ ಹೆಸರುಗಳನ್ನು ನೆನಪಿಡದಿದ್ದರೂ ನಡೆಯುತ್ತದೆ. ಎರಡು ಗೆರೆ ನೆನಪಿದ್ದರೆ ಸಾಕು. ಬಹಳಷ್ಟು ಜನ ಯಾವುದಾದರೂ ಒಂದು ಗೆರೆಯ ನಡುವೆಯೇ ಇರುತ್ತಾರೆ, ಯಾವ ಮೂಲೆಗೂ ಪೂರ್ತಿ ಸೇರುವುದಿಲ್ಲ.

ನಿಮ್ಮ ಮುಖ್ಯಸ್ಥರು ಮೊದಲನೆಯ ಮೂಲೆಯ ಹತ್ತಿರದವರು ಎಂದು ಕಾಣುತ್ತದೆ. ಇಂಥವರು ಇಮೇಲ್ ತೆರೆದಾಗ ಹುಡುಕುವುದು ಮೂರೇ ಸಂಗತಿ: ಏನಾಯಿತು, ನನ್ನಿಂದ ಏನು ಬೇಕು, ಯಾವಾಗ. ಬಹುಶಃ ನಿಮ್ಮ ಪತ್ರ ಹೀಗಿರುತ್ತದೆ: ‘ಕಳೆದ ವಾರ ಚರ್ಚಿಸಿದಂತೆ ವರದಿಯ ಕೆಲಸ ಶುರು ಮಾಡಿದೆವು. ಮೊದಲ ಎರಡು ಭಾಗ ಸುಸೂತ್ರವಾಗಿ ಮುಗಿದವು. ಮೂರನೆಯ ಭಾಗಕ್ಕೆ ಬೇಕಾದ ಅಂಕಿಅಂಶ ಇನ್ನೊಂದು ವಿಭಾಗದಿಂದ ಬರಬೇಕಿತ್ತು. ಅವರಿಗೆ ಎರಡು ಸಲ ನೆನಪಿಸಿದೆ...’ ವರದಿ ತಡವಾಗುತ್ತದೆ ಎಂಬ ಮುಖ್ಯ ಸುದ್ದಿ ಬರುವಷ್ಟರಲ್ಲಿ ಹನ್ನೊಂದನೆಯ ಸಾಲು. ಅಲ್ಲಿಯವರೆಗೆ ಅವರು ಓದಿಯೇ ಇರುವುದಿಲ್ಲ. ‘ಆಯ್ತು’ ಎಂದು ಬರೆದು ಮುಚ್ಚಿರುತ್ತಾರೆ. ಗುರುವಾರ ವರದಿ ಎಲ್ಲಿ ಎಂದು ಕೇಳುತ್ತಾರೆ, ನೀವು ‘ತಿಳಿಸಿದ್ದೆನಲ್ಲ’ ಎನ್ನುತ್ತೀರಿ. ಇಬ್ಬರೂ ಸುಳ್ಳು ಹೇಳುತ್ತಿಲ್ಲ!

ಅದನ್ನೇ ಹೀಗೆ ಬರೆಯಿರಿ: ‘ವರದಿ ಬುಧವಾರದ ಬದಲು ಶುಕ್ರವಾರ ಸಂಜೆ ಸಿದ್ಧವಾಗುತ್ತದೆ. ಮೂರನೆಯ ಭಾಗದ ಅಂಕಿಅಂಶ ಇನ್ನೂ ಬಂದಿಲ್ಲ. ನೀವು ಇವತ್ತು ಆ ವಿಭಾಗದ ಮುಖ್ಯಸ್ಥರಿಗೆ ಒಂದು ಫೋನ್ ಮಾಡಿದರೆ ಗುರುವಾರಕ್ಕೇ ಕೊಡಬಹುದು. ಇಲ್ಲವಾದರೆ ಮೂರನೆಯ ಭಾಗ ಬಿಟ್ಟು ಬುಧವಾರವೇ ಕೊಡುತ್ತೇನೆ. ಯಾವುದು ಮಾಡಲಿ? ವಿವರ ಕೆಳಗಿದೆ.’ ಇದರ ಕೆಳಗೆ ನಿಮ್ಮ ಹಳೆಯ ಪತ್ರ ಇದ್ದ ಹಾಗೇ ಇರಲಿ. ವಿವರವನ್ನು ಕಿತ್ತುಹಾಕಬೇಡಿ. ಮುಂದೆ ಯಾರಾದರೂ ‘ಯಾಕೆ ತಡವಾಯಿತು’ ಎಂದಾಗ ಕೈಹಿಡಿಯುವುದು ಅದೇ. ಬದಲಾಗಬೇಕಾದ್ದು ಸಾಲುಗಳ ಕ್ರಮ ಮಾತ್ರ. ಕೊನೆಯಲ್ಲಿ ಎರಡು ಆಯ್ಕೆ ಕೊಟ್ಟು ತೀರ್ಮಾನವನ್ನು ಅವರ ಕೈಗೇ ಒಪ್ಪಿಸಿದ್ದೀರಿ. ಮುನ್ನುಗ್ಗುವವರು ಬಾಯಿ ತೆರೆಯುವುದೇ ಇಲ್ಲಿ.

ಇದೇ ಸುದ್ದಿಯನ್ನು ಅಳೆದು ತೂಗುವವರಿಗೆ ಹೇಳುವುದಾದರೆ, ಯಾವ ಅಂಕಿಅಂಶ ಬಂದಿಲ್ಲ, ಯಾವ ದಿನ ಕೇಳಿದಿರಿ, ಶುಕ್ರವಾರ ಎಂಬ ಲೆಕ್ಕ ಹೇಗೆ ಬಂತು ಎಂಬುದು ಮೊದಲೇ ಇರಬೇಕು, ಇಲ್ಲದಿದ್ದರೆ ಅದನ್ನು ಕೇಳಿಯೇ ಮೂರು ಮೇಲ್ ಬರುತ್ತವೆ. ಹೊಂದಿಕೊಳ್ಳುವವರಿಗೆ ಮೇಲ್‌ಗಿಂತ ಮುಂಚೆ ಒಂದು ಫೋನ್. ಹುರುಪಿನವರಿಗೆ ಎದುರಿಗೇ ಹೇಳಿ, ಆದರೆ ಅಂದೇ ಒಂದು ಸಾಲು ಬರೆದು ಕಳಿಸಿ. ಬಾಯಿಮಾತಿನಲ್ಲಿ ಉತ್ಸಾಹದಿಂದ ಒಪ್ಪಿದ್ದು ಮರುದಿನಕ್ಕೆ ಅವರಿಗೆ ನೆನಪಿರುವುದು ಅನುಮಾನ.

ಪ್ರಶ್ನೆ: ಒಬ್ಬರ ಶೈಲಿಯನ್ನು ಮೊದಲ ಭೇಟಿಯಲ್ಲೇ ಗುರುತಿಸಲು ಆಗುತ್ತದೆಯೇ?

ಉತ್ತರ: ಆಗುತ್ತದೆ ಎಂದು ಹೇಳುವ ತರಬೇತಿಗಳಿವೆ. ನಂಬಬೇಡಿ. ಕನಿಷ್ಠ 2 ವಾರ, ಕನಿಷ್ಠ 3 ಬೇರೆ ಬೇರೆ ಸಂದರ್ಭ ನೋಡಿ: ಒಂದು ಸಭೆ, ಒಂದು ಇಬ್ಬರೇ ಇದ್ದ ಮಾತುಕತೆ, ಒಂದು ಬರಹದ ಉತ್ತರ. ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವಾಗ ವಿಶೇಷಣ ಬರೆಯಬೇಡಿ, ಕ್ರಿಯೆ ಬರೆಯಿರಿ. ‘ಒರಟು’ ಎಂಬುದು ನಿಮ್ಮ ತೀರ್ಪು. ‘ನನ್ನ ವಾಕ್ಯ ಮುಗಿಯುವ ಮೊದಲೇ ಎರಡು ಸಲ ಮಾತಾಡಿದರು’ ಎಂಬುದು ನಡೆದದ್ದು. ಗಮನಿಸಬೇಕಾದ್ದು ಇಷ್ಟು: ಮಾತಿನ ವೇಗ, ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ತೆಗೆದುಕೊಳ್ಳುವ ಬಿಡುವು, ಕೈ-ಮುಖಗಳ ಚಲನೆ, ಹೊಸ ಕೆಲಸ ಬಂದಾಗ ಮೊದಲು ಕೇಳುವ ಪ್ರಶ್ನೆ. ಈ ಕೊನೆಯದು ಬಹಳ ಹೇಳುತ್ತದೆ. ‘ಯಾವಾಗ ಬೇಕು?’, ‘ಯಾರ್ಯಾರು ಇರ್ತಾರೆ?’, ‘ಹಿಂದೆ ಇದನ್ನ ಹೇಗೆ ಮಾಡಿದ್ರು?’, ‘ಇದಕ್ಕಿಂತ ಹೊಸದಾಗಿ ಮಾಡೋಣವಾ?’ ಎಂದು ಕೇಳುವ ನಾಲ್ವರು ಒಂದೇ ಕೆಲಸವನ್ನು ನಾಲ್ಕು ಬಾಗಿಲಿನಿಂದ ಒಳಹೊಗುತ್ತಿದ್ದಾರೆ.

ಮೋಸ ಹೋಗುವುದು ಎಲ್ಲಿ ಎಂದರೆ, ಹುದ್ದೆಯನ್ನೇ ಶೈಲಿ ಎಂದು ತಿಳಿಯುವಾಗ. ಲೆಕ್ಕ ವಿಭಾಗದವರು ಬಿಲ್ಲಿನ ಸಂಖ್ಯೆ ಕೇಳಿದರೆ ಅದು ಅವರ ಕೆಲಸ. ಎರಡನೆಯ ಭಾಷೆಯಲ್ಲಿ ಮಾತಾಡುವವರು ನಿಧಾನಿಸುತ್ತಾರೆ, ಪದ ಹುಡುಕುತ್ತಿರುತ್ತಾರೆ. ಮೇಲಧಿಕಾರಿ ಕೋಣೆಯಲ್ಲಿದ್ದಾಗ ಬಾಯಿ ಕಟ್ಟಿಕೊಂಡವರು ಕ್ಯಾಂಟೀನಿನಲ್ಲಿ ಬೇರೆಯೇ ಆಗಿರುತ್ತಾರೆ. ಒತ್ತಡದ ವಾರದ ನಡವಳಿಕೆಯನ್ನೂ ಲೆಕ್ಕದಿಂದ ಬೇರೆ ಇಡಿ. ಮೆರಿಲ್-ರೀಡ್ ಇದನ್ನು ಪ್ರತ್ಯೇಕವಾಗಿಯೇ ಗುರುತಿಸಿದ್ದಾರೆ: ಒತ್ತಡ ಹೆಚ್ಚಾದಾಗ ಮುನ್ನುಗ್ಗುವವರು ಹುಕುಂ ಚಲಾಯಿಸುತ್ತಾರೆ, ಹುರುಪಿನವರು ಮೇಲೆ ಬೀಳುತ್ತಾರೆ, ಹೊಂದಿಕೊಳ್ಳುವವರು ಮೇಲ್ನೋಟಕ್ಕೆ ಒಪ್ಪಿಬಿಡುತ್ತಾರೆ, ಅಳೆದು ತೂಗುವವರು ಕಣ್ಣಿಗೇ ಬೀಳುವುದಿಲ್ಲ. ಆ ಹೊತ್ತಿನಲ್ಲಿ ಯಾರಿಗೂ ಅವರ ಶೈಲಿಯ ಪಾಠ ಹೇಳಲು ಹೋಗಬೇಡಿ. ಕಾಯಿರಿ.

ಪ್ರಶ್ನೆ: ನಾನು ಪಟಪಟನೆ ತೀರ್ಮಾನ ಮಾಡುವವಳು. ಜೊತೆಗಿರುವವರು ಎಷ್ಟು ಮಾಹಿತಿ ಕೊಟ್ಟರೂ ‘ಇನ್ನೊಂದು ಸಲ ನೋಡೋಣ’ ಎನ್ನುತ್ತಾರೆ. ಎತ್ತು ಏರಿಗೆ, ಕೋಣ ನೀರಿಗೆ ಎನ್ನುವಂತಾಗಿದೆ. ಏನು ಮಾಡಲಿ?

ಉತ್ತರ: ನಿಮ್ಮಿಬ್ಬರ ಜೋಡಿಯಲ್ಲಿ ಜಗಳ ವೇಗದ್ದು ಎಂದು ಮೇಲ್ನೋಟಕ್ಕೆ ಕಾಣುತ್ತದೆ. ಒಳಗೆ ಇರುವುದು ತಪ್ಪಿನ ಬೆಲೆಯ ಪ್ರಶ್ನೆ. ತಪ್ಪಾದರೆ ತಿದ್ದಿಕೊಳ್ಳೋಣ ಎಂದು ನೀವು, ತಪ್ಪಾದರೆ ಹೆಸರು ಕೆಡುತ್ತದೆ ಎಂದು ಅವರು. ಹಾಗಾಗಿ ‘ಬೇಗ ಹೇಳಿ’ ಎಂದಷ್ಟೂ ಅವರು ಹಿಂದೆ ಸರಿಯುತ್ತಾರೆ.

ಮುಂದಿನ ಸಲ ಕೆಲಸದ ಶುರುವಿನಲ್ಲೇ ಮೂರು ಸಂಗತಿ ಇಬ್ಬರೂ ಸೇರಿ ಬರೆದಿಡಿ. ಒಂದು, ಈ ತೀರ್ಮಾನವನ್ನು ಆಮೇಲೆ ಬದಲಿಸಲು ಆಗುತ್ತದೆಯೋ ಇಲ್ಲವೋ. ಬದಲಿಸಬಹುದಾದರೆ ನಿಮ್ಮ ವೇಗ, ಬದಲಿಸಲಾಗದಿದ್ದರೆ ಅವರ ವೇಗ. ಎರಡು, ಏನೇನು ಗೊತ್ತಾದರೆ ತೀರ್ಮಾನಿಸಬಹುದು, ಅದರ ಪಟ್ಟಿ. ನಾಲ್ಕು-ಐದು ಅಂಶ ಸಾಕು. ಈ ಪಟ್ಟಿ ಇಲ್ಲದಿದ್ದರೆ ಪ್ರತಿ ಉತ್ತರವೂ ಹೊಸ ಪ್ರಶ್ನೆ ಹುಟ್ಟಿಸುತ್ತದೆ, ಅದಕ್ಕೆ ಕೊನೆಯಿಲ್ಲ. ಪಟ್ಟಿ ಇದ್ದರೆ ‘ಇನ್ನೊಂದು ಸಲ ನೋಡೋಣ’ ಎಂದಾಗ ‘ಪಟ್ಟಿಯಲ್ಲಿ ಯಾವುದು ಬಾಕಿ ಇದೆ?’ ಎಂದು ಕೇಳಬಹುದು. ಮೂರು, ತೀರ್ಮಾನದ ದಿನ. ತಾರೀಖು ಮತ್ತು ಗಂಟೆ ಎರಡನ್ನೂ ಹಾಕಿ.

ಇದರ ಜೊತೆಗೆ ಒಂದು ಚಿಕ್ಕ ಅಭ್ಯಾಸ: ಕಾಗದಪತ್ರಗಳನ್ನು ಸಭೆಗೆ ಒಂದು ದಿನ ಮೊದಲೇ ಕಳಿಸಿ. ಅಳೆದು ತೂಗುವವರಿಗೆ ಸಭೆಯಲ್ಲೇ ಹೊಸ ವಿಷಯ ಎದುರಿಟ್ಟು ‘ಏನಂತೀರಿ?’ ಎಂದರೆ ಬರುವ ಉತ್ತರ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಿರುತ್ತದೆ. ಅದು ಅವರ ಅಸಾಮರ್ಥ್ಯವಲ್ಲ, ಓದಲು ಸಮಯ ಸಿಕ್ಕಿಲ್ಲ ಅಷ್ಟೇ. ಪ್ರಶ್ನೆ ಕೇಳಿ ಬಾಯಿ ಮುಚ್ಚಿಕೊಂಡು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ವೇಗದವರಿಗೆ ಆ ಹತ್ತು ಎಣಿಕೆ ಹತ್ತು ನಿಮಿಷದಂತೆ ಅನಿಸುತ್ತದೆ. ಮೂರಕ್ಕೇ ನೀವು ಮಾತು ತುಂಬಿಬಿಟ್ಟರೆ ಅವರು ಮತ್ತೆ ಬಾಯಿ ತೆರೆಯುವುದಿಲ್ಲ.

ಪ್ರಶ್ನೆ: ಕಚೇರಿಯಲ್ಲಿ ಡಿಸ್ಕ್ ಪರೀಕ್ಷೆ ಮಾಡಿಸಿದರು, ನಡವಳಿಕೆಯನ್ನು ಡಿ (ಮೇಲುಗೈ), ಐ (ಪ್ರಭಾವ), ಎಸ್ (ಸ್ಥಿರತೆ), ಸಿ (ನಿಖರತೆ) ಎಂದು ನಾಲ್ಕು ಬಗೆ ಮಾಡುವ ಪ್ರಶ್ನಾವಳಿ. ಈಗ ಎಲ್ಲರೂ ‘ನಾನು ಡಿ’, ‘ಅವಳು ಎಸ್’ ಎಂದು ಓಡಾಡುತ್ತಿದ್ದಾರೆ. ಇದು ವಿಜ್ಞಾನವೇ, ಜ್ಯೋತಿಷವೇ? ನೇಮಕಾತಿಗೂ ಬಳಸುತ್ತಾರಂತೆ.

ಉತ್ತರ: ಎರಡರ ನಡುವೆ ಎಲ್ಲೋ ಇದೆ, ಹೇಗೆ ಬಳಸುತ್ತೀರಿ ಎಂಬುದರ ಮೇಲೆ ಆ ಕಡೆಗೋ ಈ ಕಡೆಗೋ ಸರಿಯುತ್ತದೆ.

ಡಿಸ್ಕ್‌ನ ಮೂಲ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮೌಲ್ಟನ್ ಮಾರ್ಸ್ಟನ್ 1928ರಲ್ಲಿ ಪ್ರಕಟಿಸಿದ ವಿಚಾರ. ಅವರು ಬರೆದದ್ದು ಸಿದ್ಧಾಂತ. ಪರೀಕ್ಷೆಗಳನ್ನು ಆಮೇಲೆ ಬೇರೆಯವರು ಕಟ್ಟಿದರು. ಹಾಗಾಗಿ ಇವತ್ತು ಡಿಸ್ಕ್ ಎಂಬ ಹೆಸರಿನಲ್ಲಿ ಹಲವು ಸಂಸ್ಥೆಗಳ ಹಲವು ಪ್ರಶ್ನಾವಳಿಗಳಿವೆ, ಎಲ್ಲದರ ಗುಣಮಟ್ಟ ಒಂದೇ ಅಲ್ಲ. ವ್ಯಕ್ತಿತ್ವದ ಸಂಶೋಧಕರು ಹೆಚ್ಚಾಗಿ ಬಳಸುವುದು ಇವುಗಳನ್ನಲ್ಲ. ಐದು ಗುಣಗಳನ್ನು ಅಳೆಯುವ, ಯಾರನ್ನೂ ಡಬ್ಬಿಗೆ ಹಾಕದೆ ಪ್ರತಿ ಗುಣಕ್ಕೂ ಕಡಿಮೆಯಿಂದ ಹೆಚ್ಚಿನವರೆಗೆ ಅಂಕ ಕೊಡುವ ‘ಬಿಗ್ ಫೈವ್’ ಮಾದರಿಯನ್ನು.

ನಿಮ್ಮ ಪ್ರಶ್ನಾವಳಿಯಲ್ಲಿ ನಾಲ್ಕು ನಾಲ್ಕು ಪದಗಳ ಗುಂಪು ಕೊಟ್ಟು ‘ನಿಮಗೆ ಹೆಚ್ಚು ಹೊಂದುವುದು, ಕಡಿಮೆ ಹೊಂದುವುದು’ ಎಂದು ಆರಿಸಲು ಹೇಳಿದ್ದರಾ? ಹಾಗಿದ್ದರೆ ಒಂದು ಸಂಗತಿ ಗಮನಿಸಿ. ಇಂಥ ಪರೀಕ್ಷೆಗೆ ಹಳೆಯ ರೀತಿಯಲ್ಲಿ ಅಂಕ ಹಾಕಿದರೆ ಎಲ್ಲರ ಒಟ್ಟು ಅಂಕವೂ ಒಂದೇ. ಒಂದು ಗುಣಕ್ಕೆ ಅಂಕ ಏರಿದರೆ ಇನ್ನೊಂದಕ್ಕೆ ಇಳಿಯಲೇಬೇಕು. ಹಾಗಾಗಿ ಅದು ನಿಮ್ಮೊಳಗೇ ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ಹೇಳಬಹುದೇ ಹೊರತು, ಪಕ್ಕದ ಮೇಜಿನವರಿಗಿಂತ ನೀವು ಹೆಚ್ಚು ದೃಢ ಎಂದು ಹೇಳಲಾರದು. ಕಚೇರಿಗಳಲ್ಲಿ ಮಾತ್ರ ಎಲ್ಲರ ನಕ್ಷೆಗಳನ್ನೂ ಪಕ್ಕಪಕ್ಕ ಗೋಡೆಗೆ ಅಂಟಿಸಿ ಹೋಲಿಸುವುದೇ ನಡೆಯುತ್ತದೆ.

‘ಆದರೆ ನನ್ನ ವರದಿ ಅಕ್ಷರಶಃ ನನ್ನ ಹಾಗೇ ಇತ್ತು’ ಎನ್ನುತ್ತೀರಾ? 1948ರಲ್ಲಿ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತಮ್ಮ 39 ವಿದ್ಯಾರ್ಥಿಗಳಿಗೆ ಪರೀಕ್ಷೆ ಮಾಡಿ, ಪ್ರತಿಯೊಬ್ಬರಿಗೂ ‘ನಿಮ್ಮದೇ’ ಎಂದು ವ್ಯಕ್ತಿತ್ವದ ವಿವರಣೆ ಕೊಟ್ಟರು. 5ಕ್ಕೆ ಎಷ್ಟು ಸರಿಯಾಗಿದೆ ಎಂದು ಕೇಳಿದಾಗ ಸರಾಸರಿ 4.26 ಬಂತು. ಎಲ್ಲರ ಕೈಯಲ್ಲಿದ್ದದ್ದು ಒಂದೇ ವಿವರಣೆ, ಅದರ ಬಹುಪಾಲು ಜ್ಯೋತಿಷದ ಪುಸ್ತಕದಿಂದ ಎತ್ತಿದ್ದು. ಇದನ್ನು ನೀವೂ ಮಾಡಿ ನೋಡಬಹುದು: ಹೆಸರು ಅಳಿಸಿ ಇಬ್ಬರು ತಮ್ಮ ವರದಿಗಳನ್ನು ಬದಲಿಸಿಕೊಳ್ಳಲಿ, ಯಾವುದು ಯಾರದು ಎಂದು ಮೂರನೆಯವರು ಗುರುತಿಸಲಿ.

ನೇಮಕಾತಿಗೆ ಬೇಡವೇ ಬೇಡ. ಜನರನ್ನು 16 ಬಗೆಗಳಾಗಿ ವಿಂಗಡಿಸುವ ಇನ್ನೊಂದು ವ್ಯಕ್ತಿತ್ವ ಪರೀಕ್ಷೆಯಾದ ಎಂಬಿಟಿಐಯ ಪ್ರಕಾಶಕರೇ ಅದನ್ನು ಅಭ್ಯರ್ಥಿಗಳ ಆಯ್ಕೆಗೆ ಬಳಸಕೂಡದು ಎನ್ನುತ್ತಾರೆ. ಕೆಲಸ ಬೇಕಾದವರು ಕೆಲಸಕ್ಕೆ ತಕ್ಕ ಉತ್ತರ ತುಂಬುತ್ತಾರೆ, ಯಾರು ತಾನೇ ತುಂಬುವುದಿಲ್ಲ! ತಂಡದೊಳಗೆ ಮಾತುಕತೆ ಶುರು ಮಾಡಲು ಒಂದು ನೆಪವಾಗಿ ಬಳಸಿದರೆ ಪರೀಕ್ಷೆಯಿಂದ ಉಪಯೋಗವಿದೆ. ‘ಈ ವರದಿಯಲ್ಲಿ ನಿಮಗೆ ಹೊಂದದ ಸಾಲು ಯಾವುದು?’ ಎಂದು ಒಬ್ಬೊಬ್ಬರನ್ನೂ ಕೇಳಿ. ಹೊಂದುವ ಸಾಲುಗಳಿಗಿಂತ ಅದರಿಂದ ತಿಳಿಯುವುದು ಹೆಚ್ಚು. ಇನ್ನು ‘ನಾನು ಡಿ, ಹಾಗಾಗಿ ಖಡಕ್ಕಾಗಿ ಮಾತಾಡ್ತೀನಿ’ ಎನ್ನುವವರಿಗೆ ಒಂದೇ ಉತ್ತರ: ಪರೀಕ್ಷೆ ನಿಮ್ಮ ಒಲವನ್ನು ಹೇಳಿತು, ಅನುಮತಿ ಪತ್ರ ಕೊಡಲಿಲ್ಲ.

ಪ್ರಶ್ನೆ: ಪರೀಕ್ಷೆಯಲ್ಲಿ ನನಗೆ ‘ಮಾತುಗಾರ’ ಎಂದು ಬಂದಿದೆ. ಲೆಕ್ಕಪತ್ರದ ಕೆಲಸ ನನಗೆ ಒಗ್ಗುವುದಿಲ್ಲವೇ?

ಉತ್ತರ: ಒಲವು ಬೇರೆ, ಸಾಮರ್ಥ್ಯ ಬೇರೆ. ಯಾವ ಕೈಯಲ್ಲಿ ಬರೆಯಲು ಸಲೀಸು ಎಂದು ಕೇಳಿದರೆ ನಿಮ್ಮ ಅಕ್ಷರ ದುಂಡಗಿದೆಯೇ ಎಂದು ತಿಳಿಯುವುದಿಲ್ಲ. ಲೆಕ್ಕ ಬರುತ್ತದೆಯೇ ಎಂದು ಲೆಕ್ಕ ಮಾಡಿಯೇ ನೋಡಬೇಕು.

ಪ್ರಶ್ನೆ: ನಮ್ಮ ತಂಡದ ಒಬ್ಬರು ಸಭೆಯಲ್ಲಿ ಎಲ್ಲದಕ್ಕೂ ‘ಹೂಂ’ ಎನ್ನುತ್ತಾರೆ. ಆಮೇಲೆ ಕೆಲಸ ಆಗಿರುವುದಿಲ್ಲ. ಕೇಳಿದರೆ ‘ಕಷ್ಟ ಇತ್ತು’ ಎನ್ನುತ್ತಾರೆ. ಮೊದಲೇ ಹೇಳಬಾರದೇ?

ಉತ್ತರ: ಅವರು ಹೇಳಿರುತ್ತಾರೆ, ನಿಮಗೆ ಕೇಳಿಸುವ ರೀತಿಯಲ್ಲಲ್ಲ. ಹೊಂದಿಕೊಳ್ಳುವವರ ‘ಇಲ್ಲ’ ಹೆಚ್ಚಾಗಿ ‘ನೋಡ್ತೀನಿ’, ‘ಪ್ರಯತ್ನ ಮಾಡೋಣ’, ‘ಅವರೂ ಒಪ್ಪಿದ್ದರೆ ಸರಿ’ ಎಂಬ ವೇಷದಲ್ಲಿ ಬರುತ್ತದೆ. ಒಮ್ಮೊಮ್ಮೆ ಆ ‘ಹೂಂ’ಗೆ ‘ಕೇಳಿಸಿಕೊಂಡೆ’ ಎಂದಷ್ಟೇ ಅರ್ಥ.

ತಪ್ಪು ನಿಮ್ಮ ಪ್ರಶ್ನೆಯಲ್ಲೂ ಇದೆ. ‘ಶುಕ್ರವಾರದೊಳಗೆ ಆಗುತ್ತೆ ಅಲ್ವಾ?’ ಎಂದು ಎಂಟು ಜನರ ಎದುರು ಕೇಳಿದರೆ, ಇಂಥವರಿಗೆ ‘ಇಲ್ಲ’ ಎನ್ನುವುದು ನಿಮ್ಮ ಮುಖಕ್ಕೆ ಹೊಡೆದಂತೆ. ಪ್ರಶ್ನೆಯ ಆಕಾರ ಬದಲಿಸಿ: ‘ಇದು ಶುಕ್ರವಾರದೊಳಗೆ ಆಗಬೇಕಾದರೆ ನಿಮ್ಮ ಕೈಯಲ್ಲಿರುವ ಯಾವ ಕೆಲಸ ಬದಿಗಿಡಬೇಕು?’ ಇಲ್ಲಿ ಕಷ್ಟ ಇದೆ ಎಂದು ನೀವೇ ಒಪ್ಪಿಕೊಂಡು ಕೇಳಿದ್ದೀರಿ. ಹೇಳಲು ಅವರಿಗೆ ದಾರಿಯಾಯಿತು. ಸಭೆಗೆ ಮೊದಲು 5 ನಿಮಿಷ ಇಬ್ಬರೇ ಮಾತಾಡಿದರೆ ಇನ್ನೂ ಒಳ್ಳೆಯದು. ಸಭೆಯಲ್ಲೇ ಕೇಳಬೇಕಾದರೆ ಎಲ್ಲರಿಗೂ ಚೀಟಿ ಕೊಟ್ಟು, ‘ಈ ದಿನಾಂಕಕ್ಕೆ ಮುಗಿಯುತ್ತದೆ ಎಂಬ ಭರವಸೆ 1ರಿಂದ 5ರಲ್ಲಿ ಎಷ್ಟು?’ ಎಂದು ಮೌನವಾಗಿ ಬರೆಸಿ, ಒಟ್ಟಿಗೆ ತೋರಿಸಿ. ಬಾಯಲ್ಲಿ ‘ಹೂಂ’ ಎನ್ನುವವರು ಚೀಟಿಯಲ್ಲಿ 2 ಎಂದು ಬರೆದದ್ದು ಕಾಣಬಹುದು. 2 ಬರೆದವರನ್ನು ‘ಯಾಕೆ?’ ಎಂದು ಕೇಳಬೇಡಿ. ‘4 ಆಗಲು ಏನು ಬೇಕು?’ ಎಂದು ಕೇಳಿ.

ಅವರು ಒಮ್ಮೆ ಧೈರ್ಯ ಮಾಡಿ ‘ಆಗೋದಿಲ್ಲ’ ಎಂದಾಗ ನಿಮ್ಮ ಮುಖ ಹೇಗಿರುತ್ತದೆ ಎಂಬುದರ ಮೇಲೆ ಮುಂದಿನ ಆರು ತಿಂಗಳು ನಿಂತಿದೆ. ನಿಟ್ಟುಸಿರು ಬಿಟ್ಟರೂ ಸಾಕು, ಮತ್ತೆ ‘ಹೂಂ’ ಶುರು.

ಪ್ರಶ್ನೆ: ಎದುರಿನವರ ಶೈಲಿಗೆ ತಕ್ಕಂತೆ ನಾನೇ ಯಾವಾಗಲೂ ಬದಲಾಗಬೇಕೇ? ಇದು ನಾಟಕವಲ್ಲವೇ? ನಮ್ಮ ಮೇಲಧಿಕಾರಿ ಎಲ್ಲರೆದುರು ಬೈಯುತ್ತಾರೆ. ಅದನ್ನೂ ‘ಅವರ ಶೈಲಿ’ ಎಂದು ಸಹಿಸಬೇಕೇ?

ಉತ್ತರ: ಎರಡನೆಯದಕ್ಕೆ ಮೊದಲು: ಬೇಡ. ಚುಟುಕಾಗಿ ಮಾತಾಡುವುದು ಶೈಲಿ, ಅವಮಾನ ಮಾಡುವುದು ದುರ್ವರ್ತನೆ. ‘ಈ ಪುಟದಲ್ಲಿ ಮೂರು ತಪ್ಪಿವೆ, ಸಂಜೆಯೊಳಗೆ ತಿದ್ದಿ’ ಎಂಬುದು ಕಟುವಾಗಿದ್ದರೂ ಕೆಲಸದ ಮಾತು. ‘ನಿನಗೆ ಬುದ್ಧಿ ಇದೆಯಾ?’ ಎಂಬುದು ಯಾವ ಗೆರೆಯ ಯಾವ ಮೂಲೆಗೂ ಸೇರದು. ಇಂಥದ್ದು ನಡೆದಾಗ ದಿನಾಂಕ, ಆಡಿದ ಮಾತು ಇದ್ದ ಹಾಗೆ, ಅಲ್ಲಿ ಯಾರಿದ್ದರು ಎಂಬುದನ್ನು ಅಂದೇ ಬರೆದಿಟ್ಟು ದೂರಿನ ದಾರಿ ಹಿಡಿಯಿರಿ. ನೀವು ಇಮೇಲ್ ಚಿಕ್ಕದಾಗಿ ಬರೆದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ.

ಮೊದಲನೆಯದಕ್ಕೆ: ಬದಲಿಸಬಹುದಾದದ್ದು ವೇಗ, ಕ್ರಮ, ಮಾಧ್ಯಮ. ಬದಲಿಸಬಾರದ್ದು ಸತ್ಯ, ನಿಮ್ಮ ಅಭಿಪ್ರಾಯ, ನಿಮ್ಮ ಮಿತಿ. ಮಗುವಿನ ಜೊತೆ, ವೈದ್ಯರ ಜೊತೆ ನೀವು ಬೇರೆ ಬೇರೆ ರೀತಿ ಮಾತಾಡುತ್ತೀರಿ, ಅದನ್ನು ಯಾರೂ ನಾಟಕ ಎನ್ನುವುದಿಲ್ಲ. ಆದರೆ ಒಲವಿಗೆ ವಿರುದ್ಧವಾಗಿ ನಡೆಯುವುದು ದಣಿವು ತರುತ್ತದೆ ಎಂಬುದು ನಿಜ. ಒಬ್ಬರ ಜೊತೆ ಒಂದು ಸಮಯಕ್ಕೆ ಒಂದೇ ಬದಲಾವಣೆ ಇಟ್ಟುಕೊಳ್ಳಿ, ಅದನ್ನೂ ಮಾತುಕತೆಯ ಮೊದಲ ಎರಡು ನಿಮಿಷಕ್ಕೆ. ಶುರು ಅವರ ಧಾಟಿಯಲ್ಲಿ ಸರಿಯಾಗಿ ಹೊಂದಿಕೊಂಡರೆ ಆಮೇಲೆ ನಿಮ್ಮ ಧಾಟಿಗೆ ಮರಳಿದರೂ ನಡೆಯುತ್ತದೆ.

ಎರಡು ತಿಂಗಳು ನೀವೊಬ್ಬರೇ ಹೊಂದಿಕೊಂಡಿದ್ದರೆ, ಕೇಳುವ ಹಕ್ಕು ನಿಮಗೂ ಬಂತು. ಕೇಳುವಾಗ ಸ್ವಭಾವದ ಮಾತೆತ್ತದೆ ಕ್ರಿಯೆಯ ಮಾತಾಡಿ. ‘ನೀವು ತುಂಬ ಅವಸರದವರು’ ಬೇಡ. ‘ಸಭೆಯ ವಿಷಯಪಟ್ಟಿ ಹಿಂದಿನ ದಿನ ಸಂಜೆಯೊಳಗೆ ಸಿಕ್ಕರೆ ನಾನು ತಯಾರಾಗಿ ಬರುತ್ತೇನೆ’ ಎನ್ನಿ. ಮೊದಲನೆಯದಕ್ಕೆ ಅವರು ‘ನಾನೇನೂ ಹಾಗಲ್ಲ’ ಎನ್ನಬಹುದು. ಎರಡನೆಯದಕ್ಕೆ ‘ಆಯ್ತು’ ಎನ್ನಬಹುದು.

ಪ್ರಶ್ನೆ: ನನ್ನ ಶೈಲಿ ಯಾವುದು ಎಂದು ನಾನೇ ತಿಳಿಯುವುದು ಹೇಗೆ?

ಉತ್ತರ: ನಿಮ್ಮನ್ನು ಕೇಳಿಕೊಂಡರೆ ತಿಳಿಯುವುದು ಅರ್ಧ ಮಾತ್ರ. ಮೆರಿಲ್-ರೀಡ್ ಸಹ ಜೊತೆಯಲ್ಲಿ ಕೆಲಸ ಮಾಡುವವರು ಏನು ಕಂಡರು ಎಂಬುದಕ್ಕೇ ಹೆಚ್ಚು ಬೆಲೆ ಕೊಟ್ಟರು. ನಿಮ್ಮ ಉದ್ದೇಶ ನಿಮಗೆ ಗೊತ್ತು, ನಡವಳಿಕೆ ಕಾಣುವುದು ಅವರಿಗೆ. ಮೂವರನ್ನು ಆರಿಸಿ: ಒಬ್ಬರು ನಿಮ್ಮ ಜೊತೆ ಸಲೀಸಾಗಿ ಇರುವವರು, ಒಬ್ಬರು ಆಗಾಗ ಕಿರಿಕಿರಿಯಾಗುವವರು, ಒಬ್ಬರು ಹೊಸಬರು. ಬರಹದಲ್ಲಿ ಎರಡೇ ಪ್ರಶ್ನೆ ಕಳಿಸಿ: ‘ನಾನು ಏನು ಮಾಡಿದಾಗ ನಿಮ್ಮ ಕೆಲಸ ಹಗುರಾಗುತ್ತದೆ? ನಾನು ಏನು ಮಾಡಿದಾಗ ಎರಡು ಸಲ ಕೆಲಸ ಮಾಡಬೇಕಾಗುತ್ತದೆ?’ ಒಂದು ವಾರ ಸಮಯ ಕೊಡಿ. ಉತ್ತರ ಬಂದಾಗ ‘ಧನ್ಯವಾದ’ ಎಂದಷ್ಟೇ ಬರೆಯಿರಿ. ‘ಅದು ಹಾಗಲ್ಲ, ಆವತ್ತು ಏನಾಗಿತ್ತು ಅಂದರೆ’ ಎಂದು ಶುರು ಮಾಡಿದರೆ ಮುಂದಿನ ಸಲ ಯಾರೂ ನಿಜ ಬರೆಯುವುದಿಲ್ಲ. ಮೂವರಲ್ಲಿ ಇಬ್ಬರು ಒಂದೇ ಸಂಗತಿ ಹೇಳಿದ್ದರೆ ಅದನ್ನು ಹಿಡಿಯಿರಿ. ಒಬ್ಬರೇ ಹೇಳಿದ್ದಾದರೆ ಅದು ನಿಮ್ಮಿಬ್ಬರ ನಡುವಿನ ವಿಷಯ, ಅವರ ಜೊತೆಗಷ್ಟೇ ಮಾತಾಡಿ ಸರಿಮಾಡಿಕೊಳ್ಳಬಹುದು.